ಮೊದಲ ಸೇರು

ರಾಗಿ ಧೂಳು ಮೂಗಿಗೆ ಏರುತ್ತಿದೆ, ಸೀನಬಾರದು, ಅಳೆಯುವಾಗ ಸೀನಿದರೆ ಅತ್ತೆ ಜಗಲಿಯಿಂದಲೇ ಬೈಯಲು ಶುರು ಮಾಡುತ್ತಾರೆ, ಸೇರು ತುಂಬಿ ಕೈಯಲ್ಲಿ ಹಿಡಿದಿದ್ದೇನೆ, ಮಗಳು ಹೊನ್ನಿ ಚೀಲದ ಬಾಯಿ ಅಗಲಿಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಲಾಭ ಅಂದು ಸುರಿದರೆ ಆಯಿತು, ಆಮೇಲೆ ಎರಡು, ಮೂರು, ಸಲೀಸು — ನನ್ನವ್ವನೂ ಹಾಗೇ ಅಳೆದಳು, ಅತ್ತೆಯೂ ಹಾಗೇ, ಮೊದಲ ಸೇರಿಗೆ ಯಾರೂ ಒಂದು ಅನ್ನುವುದಿಲ್ಲ, ಒಂದು ಅಂದರೆ ಕಣದಲ್ಲಿ ಹುಲುಸು ನಿಲ್ಲುವುದಿಲ್ಲ. ಇಷ್ಟು ವರ್ಷ ಅಂದವಳಿಗೆ ಇವತ್ತು ಏನಾಯಿತು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ಸಂಜೆ ಹಾಲು ಹಾಕಲು ಜಯನಗರಕ್ಕೆ ಹೋದಾಗ ಸೀತಾಲಕ್ಷ್ಮಮ್ಮನವರು ಕೇಳೇ ಕೇಳುತ್ತಾರೆ, ಏನ್ ಲಕ್ಷ್ಮಮ್ಮ, ಮಗೂನ ಪಾಠಕ್ಕೆ ಕಳಿಸ್ತೀಯಾ ಇಲ್ವಾ, ನಂಗೊಂದು ಮಾತು ಹೇಳು. ಎಂಥ ಒಳ್ಳೆಯವರು, ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದವರು, ಕಾಸು ಬೇಡ ಅಂದುಬಿಟ್ಟರು. ಮನೆಯವರನ್ನು ಕೇಳಿದರೆ, ಹೆಣ್ ಮಗೀನ ವಿಷ್ಯ, ನೀನೇ ನೋಡ್ಕೊ, ಅಂದು ಟವಲ್ಲು ಕೊಡವಿ ಎದ್ದು ಹೋದರು. ಅತ್ತೆಯದು ಒಂದೇ ಮಾತು, ಮೂರ್ನೇ ಕ್ಲಾಸ್ನಾಗೆ ಎಲ್ಡ್ ವರ್ಸ ಕೂತವ್ಳೆ, ಬಿಡ್ಸಾಕು, ಹಸ ಮೇಯಿಸ್ಕಂಡಿರ್ಲಿ. ಸ್ಕೂಲಿನ ಮೇಷ್ಟ್ರೂ ಹೇಳಿ ಕಳಿಸಿದ್ದಾರೆ, ಲೆಕ್ಕದಲ್ಲಿ ಈ ಸಲಾನೂ ಬಾಯಿ ಬಿಡದಿದ್ದರೆ ಮುಂದಕ್ಕೆ ಹಾಕಲ್ಲ ಅಂತ.

ಲೆಕ್ಕ ಬರುವುದಿಲ್ಲವಂತೆ ನನ್ನ ಹೊನ್ನಿಗೆ! ಹದಿನಾಲ್ಕು ಮನೆಗೆ ಹಾಲು ಹಾಕುತ್ತೇವೆ, ಯಾರಿಗೆ ಪಾವು, ಯಾರಿಗೆ ಅರ್ಧ ಸೇರು, ಯಾರ ಮನೆಗೆ ನೆಂಟರು ಬಂದು ಇನ್ನೊಂದು ಪಾವು ಜಾಸ್ತಿ, ಎಲ್ಲ ಅವಳ ತಲೆಯಲ್ಲೇ ಇದೆ, ಯಡಿಯೂರು ಕೆರೆ ಏರಿ ಇಳಿಯುವುದರೊಳಗೆ ಕ್ಯಾನಿನಲ್ಲಿ ಎಷ್ಟು ಉಳಿಯುತ್ತದೆ ಅಂತ ಹೇಳುತ್ತಾಳೆ, ಒಂದು ದಿನ ತಪ್ಪಿಲ್ಲ. ಅವಳಿಗೆ ಬೇಕಾಗಿರುವುದು ಪಾಠವೇ? ಗೊತ್ತಿಲ್ಲ, ಗೊತ್ತಿದೆ, ಮೊನ್ನೆಯಿಂದ ಗೊತ್ತಿದೆ, ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು. ಮೊನ್ನೆ ಜಯನಗರದ ಅಮ್ಮಾವ್ರು ತಮ್ಮ ವರಾಂಡದಲ್ಲಿ ಹುಣಸೆ ಬೀಜ ಹರಡಿ, ಎಣಿಸು ಕಂದ, ಎಷ್ಟಿದೆ ಹೇಳು ನೋಡೋಣ, ಅಂದರು. ಹೊನ್ನಿ ಮೊದಲ ಬೀಜ ಎತ್ತಿಕೊಂಡಳು. ಕೆಳಗೆ ಇಡಲಿಲ್ಲ. ಮುಷ್ಟಿ ಬಿಗಿ ಹಿಡಿದಳು, ತುಟಿಯನ್ನೂ ಬಿಗಿ ಹಿಡಿದಳು, ನೋಡಿದ್ದು ಅಮ್ಮಾವ್ರನ್ನಲ್ಲ, ನನ್ನನ್ನು. ಪಾಪ, ಬುನಾದಿನೇ ಇಲ್ಲ, ಒಂದರಿಂದಲೇ ಶುರು ಮಾಡ್ಬೇಕು, ಅಂದರು ಅವರು. ನಾನು ಹಾಲಿನ ಕ್ಯಾನು ಎತ್ತಿಕೊಂಡು ಮೆಟ್ಟಿಲು ಇಳಿದುಬಿಟ್ಟೆ. ಯಾಕೆಂದರೆ ಹೋದ ಸುಗ್ಗಿಯಲ್ಲಿ ಇದೇ ಕಣ, ಇದೇ ಸೇರು, ಸ್ಕೂಲಿನಿಂದ ಓಡಿ ಬಂದವಳು, ಅವ್ವಾ ನಾನು ಎಣಿಸ್ತೀನಿ, ಅಂತ ನಾನು ಎತ್ತಿದ ಮೊದಲ ಸೇರಿಗೆ ಒಂದೂ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು, ಅತ್ತೆ ಹಾ ಅಂದರು, ನನ್ನ ಕೈ ಹೋಗಿ ಅವಳ ಕೆನ್ನೆಯ ಮೇಲೆ ಬಿತ್ತು, ರಾಗಿ ಧೂಳಿನ ನಾಲ್ಕು ಬೆರಳು ಕೆನ್ನೆಯ ಮೇಲೆ ಮೂಡಿದ್ದವು, ಒರೆಸಿಕೊಳ್ಳಲೂ ಇಲ್ಲ ಮಗು. ಇನ್ನೊಂದ್ ಸಲ ಒಂದು ಅಂದ್ರೆ ನಾಲ್ಗೆ ಸುಡ್ತೀನಿ — ನಾನೇ ಅಂದದ್ದು, ಈ ಬಾಯಲ್ಲೇ. ಆಮೇಲೆ ಸ್ಕೂಲಿನಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಎಣಿಸು ಅಂದಾಗ ಲಾಭ, ಎರಡು, ಮೂರು ಅಂದಳಂತೆ, ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತಂತೆ, ಇದೇನ್ ರಾಗಿ ಮಂಡಿ ಅಂದ್ಕೊಂಡ್ಯಾ, ಅಂತ ಮೇಷ್ಟ್ರು ಬೆತ್ತದಲ್ಲಿ ಕೊಟ್ಟರಂತೆ. ಅಲ್ಲಿಂದ ಬಾಯಿ ಮುಚ್ಚಿದವಳು. ಅಲ್ಲಿ ಲಾಭ ಅಂದರೂ ಏಟು, ಇಲ್ಲಿ ಒಂದು ಅಂದರೂ ಏಟು.

ಪಾಠಕ್ಕೆ ಕಳಿಸಲೇ? ಅಮ್ಮಾವ್ರು ಒಂದರಿಂದ ಶುರು ಮಾಡುತ್ತಾರೆ, ಇವಳು ಮತ್ತೆ ಬೀಜ ಹಿಡಿದು ಕೂರುತ್ತಾಳೆ, ಅವರಿಗೂ ಬೇಸರ ಬಂದು ಇದು ದಡ್ಡಿ ಅಂದುಬಿಟ್ಟರೆ ಮುಗಿಯಿತು. ಕಳಿಸದಿದ್ದರೆ ಹಸುವಿನ ಹಗ್ಗ ಇವಳ ಕೈಗೆ. ಅಮ್ಮಾವ್ರೇ, ತಪ್ಪು ಅವಳದಲ್ಲ, ಹೊಡೆದವಳು ನಾನು, ಅಂತ ಹೇಳಲೇ, ಹೇಗೆ ಹೇಳಲಿ, ಸೇರು ಹೋಗಿ ಕಿಲೋ ಬಂದು ಎಷ್ಟೋ ದಿನ ಆಯ್ತಲ್ಲ ಲಕ್ಷ್ಮಮ್ಮ, ಅಂತ ನಗುತ್ತಾರೆ. ಅದಕ್ಕಿಂತ ಸುಲಭ ಇದೆ, ಈಗಲೇ, ಈ ಸೇರಿಗೆ, ಇವಳ ಮುಂದೆ ನಾನೇ ಒಂದು ಅಂದುಬಿಟ್ಟರೆ ಸಾಕು, ಅವ್ವನೇ ಅಂದಳು ಅಂತ ಇವಳ ಬಾಯಿ ತೆರೆಯುತ್ತದೆ, ಯಾವ ಪಾಠವೂ ಬೇಡ. ಎಷ್ಟು ಚಿಕ್ಕ ಮಾತು. ಹೊಲವೆಲ್ಲ ಬಡಾವಣೆಗೆ ಹೋಗಿ ಉಳಿದ ನಾಲ್ಕು ಗುಂಟೆಯ ರಾಗಿ ಇದು, ಏನಾದರೂ ಆದರೆ, ಅತ್ತೆ ಕೇಳಿಸಿಕೊಂಡರೆ — ಯಾಕ್ ಲಕ್ಷ್ಮೀ, ಸೇರ್ ಹಿಡ್ಕಂಡ್ ಹಂಗೇ ನಿಂತ್ಯಲ್ಲ, ಲಾಭ ಅನ್ನು, ಸುರಿ, ಜಗಲಿಯಿಂದ ಅತ್ತೆ ಕೂಗುತ್ತಿದ್ದಾರೆ. ಅಂಚಿನಿಂದ ಕಾಳು ಜಾರಿ ಕಾಲಿನ ಮೇಲೆ ಬೀಳುತ್ತಿದೆ. ಅನ್ನುತ್ತೇನೆ, ಈಗ ಅನ್ನುತ್ತೇನೆ, ನನ್ನ ತುಟಿಯೂ ಬಿಗಿದುಕೊಂಡಿದೆ, ಹೊನ್ನಿ ನೋಡುತ್ತಿದ್ದಾಳೆ, ಚೀಲದ ಬಾಯಿ ಬಿಟ್ಟುಬಿಟ್ಟಳು, ಅವಳ ಒಂದು ಕೈ ಲಂಗದ ಪಕ್ಕಕ್ಕೆ ಹೋಯಿತು, ಆ ಮುಷ್ಟಿ, ಇವತ್ತು ಅದರೊಳಗೆ ಬೀಜವಿಲ್ಲ, ಆದರೂ ಹಾಗೇ ಬಿಗಿಯಾಗಿದೆ, ಹಾಗೇ, ಆ ಮುಷ್ಟಿ.