ಅಮೀನಬಿಯ ನಲವತ್ತು ಸೀರೆಗಳು

"ಬಾಯಾರ, ನನ್ನ ಸೀರಿ ಎಲ್ಲಿ ಹೋದುವ್ರಿ?"

ಅಮೀನಬಿ ಹಾಗೆ ಕೇಳಿದಾಗ, ಕಂಪ್ಯೂಟರು ಕಲಿಸುವ ಪದ್ಮಜಾ ಕೋಣೆಯ ಕೀಲಿ ತೆಗೆದು ಒಳಗೆ ಬಂದವಳು ಹೆಗಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ವಿದ್ಯಾಗಿರಿಯಿಂದ ಇಳಕಲ್ಲಿನವರೆಗೆ ಬಸ್ಸಿನಲ್ಲಿ ನಿಂತೇ ಬಂದ ಕಾಲುಗಳು ಜೋಮು ಹಿಡಿದಿದ್ದವು. ನೇಕಾರರ ಸೊಸೈಟಿಯ ಹಿಂದಿನ ಕೋಣೆಯಲ್ಲಿ ಆರು ಹಳೇ ಕಂಪ್ಯೂಟರು, ಒಂದು ಪಂಕಾ. ಅವಳ ಹಿಂದೆಯೇ ಒಳಗೆ ಬಂದ ಅಮೀನಬಿ ಆಗಲೇ ಕೊನೆಯದನ್ನು ಚಾಲೂ ಮಾಡಿ ಅದರ ಮುಂದೆ ಕೂತಿದ್ದಳು, ಮಡಿಲಲ್ಲಿ ನೀಟಾಗಿ ಮಡಿಚಿದ ಹಸಿರು ಬಟ್ಟೆ. ಪರದೆಯ ಮೇಲೆ ನೀಲಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

"ಯಾವ ಸೀರಿರಿ?"

"ಅಯ್ಯ, ಮಲಕಪ್ಪಾರು ಹೇಳಿದ ಪಟ್ಟಿರೀ! ಮೂವತ್ತೆಂಟು ಬರದಿದ್ನಿ. ಇನ್ನೆರಡು ಬರದ್ರ ಮುಗೀತಿತ್ತು."

ಪದ್ಮಜಾಳ ನಿದ್ದೆಯ ಮಂಪರು ಹಾರಿಹೋಯಿತು. ಸೊಸೈಟಿಯ ಸೆಕ್ರೆಟರಿ ಮಲಕಪ್ಪ ಹತ್ತು ದಿನದ ಹಿಂದೆ ಅವಳೆದುರಿಗೇ ಹೇಳಿದ್ದ: "ಅಮೀನಬಿ, ಸೀರಿ ಗುರ್ತು ನಿನ್ನಷ್ಟು ಯಾರಿಗೂ ಇಲ್ಲ. ಆದ್ರ ಕಂಪ್ಯೂಟರ್ ನಡಸ್ತೇನಿ ಅಂತ ತೋರ್ಸು. ನಲವತ್ತು ಸೀರಿದು ಪಟ್ಟಿ ಮಾಡು, ಬಣ್ಣ, ದಡಿ, ಸೆರಗು ಎಲ್ಲಾ ಬರೀಬೇಕು. ಇಲ್ಲಂದ್ರ ಹುನಗುಂದದಾಗ ಕಲತ ಹುಡಿಗಿ ಒಬ್ಬಾಕಿ ಅದಾಳ, ಆಕಿನ್ನ ತಗೋತೇನಿ." ಅದಕ್ಕೆ ಅವನು ಕೊಟ್ಟ ಗಡುವು ಇವತ್ತು ಸಂಜೆ ನಾಲ್ಕಕ್ಕೆ. ಮೂವತ್ತು ವರ್ಷ ರಾಟಿ ತಿರುವಿ ನೂಲು ಸುತ್ತಿದ ಅಮೀನಬಿಯ ಬಲ ಭುಜ ಈಗ ಮೇಲೇಳುತ್ತಿರಲಿಲ್ಲ. ಸೊಸೈಟಿಯ ಸೀರೆಗಳ ಪಟ್ಟಿ ಬರೆಯುವ, ಕುರ್ಚಿಯ ಮೇಲೆ ಕೂತು ಮಾಡುವ ಆ ಕೆಲಸ ಸಿಕ್ಕರೆ ರಾಟಿ ತಪ್ಪುತ್ತಿತ್ತು.

"ಹೆಸರು ಕೊಟ್ಟು ಉಳಿಸಿದ್ರೋ ಇಲ್ಲೋ?"

"ಉಳಿಸೂದ್ಯಾಕ್ರಿ? ದಿನಾ ಬಿಟ್ಟು, ಮ್ಯಾಲೆ ಬಟ್ಟಿ ಹೊಚ್ಚಿ ಹೋಗತಿದ್ನಿ. ಮುಂಜಾನಿ ಬಂದು ಬಟ್ಟಿ ತಗದ್ರ ಬಿಟ್ಟಲ್ಲೇ ಇರತಿತ್ತು."

ತಪ್ಪು ಎಲ್ಲಿ ಆಯಿತೆಂದು ಪದ್ಮಜಾಳಿಗೆ ಹೊಳೆಯಿತು. ಮಗ್ಗದವರ ಮನೆಯಲ್ಲಿ ಸಂಜೆಯಾದರೆ ಕಾಲು ಇಳಿಬಿಟ್ಟು ಕೂರುವ ಕುಣಿಯಿಂದ ಎದ್ದು, ನೇಯ್ದಷ್ಟರ ಮೇಲೆ ಬಟ್ಟೆ ಹೊಚ್ಚಿ ಉಣ್ಣಲು ಹೋಗುತ್ತಾರೆ. ಮರುದಿನ ಲಾಳಿ ನಿಂತಲ್ಲಿಂದಲೇ ಹೊರಡುತ್ತದೆ. ಒಬ್ಬರ ಮಗ್ಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಉಳಿಸಬೇಕು, ಹೆಸರಿಡಬೇಕು ಎಂದು ಪದ್ಮಜಾ ಮೊದಲ ದಿನವೇ ಹೇಳಿದ್ದಳು. ಒಂಬತ್ತು ವರ್ಷದಿಂದ ಬಾದಾಮಿಯಲ್ಲಿ, ಗುಡೂರಿನಲ್ಲಿ ಅದನ್ನೇ ಹೇಳುತ್ತ ಬಂದಿದ್ದಳು. ಹೇಳುವವಳಿಗೇ ಆ ಮಾತು ಕೇಳಿಸದಷ್ಟು ಹಳತಾಗಿತ್ತು.

ಸಂಗವ್ವ ಪಕ್ಕದ ಕುರ್ಚಿಯಿಂದ ಬಗ್ಗಿ ನೋಡಿದಳು. ತಾನು ಪಂಕಾದ ಗಾಳಿಗೆ ಕುಂಡ್ರಲಿಕ್ಕೆ ಬರುತ್ತೇನೆಂದು ಮೊದಲ ದಿನವೇ ಒಪ್ಪಿಕೊಂಡಿದ್ದ ಹೆಂಗಸು. "ನಿನ್ನ ಬೆರಳ ಎಲ್ಲೆರ ಬಿದ್ದಿರಬೇಕ ಬಿಡ. ಮೊನ್ನಿ ಲಾಳಿ ಹೊಡದ್ಹಂಗ ಹೊಡದು, ಮೌಸ್ ನನ್ನ ತೊಡಿಮ್ಯಾಲೆ ಕೆಡವಿದ್ದಿ."

"ಇರಬೇಕವ್ವ," ಎಂದಳು ಅಮೀನಬಿ. "ಇವು ನೂಲಿಗೆ ಬಳಕಿ ಆದ ಬೆರಳು. ಏನ ಒತ್ತಿದುವೋ ಏನೋ."

ಪದ್ಮಜಾ ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದು, ಮತ್ತೆ ಮುಚ್ಚಳ ತಿರುವಿದಳು. ನಿನ್ನೆ ಸಂಜೆ ಬಸ್ಸಿಗೆ ಹದಿನೈದು ನಿಮಿಷ ಇತ್ತು. ಬಟ್ಟೆ ಹೊಚ್ಚಿದ್ದು ಬಂದ್ ಆಗಿದೆಯೆಂದೇ ಇಷ್ಟು ದಿನ ಬಿಟ್ಟು ಹೋಗುತ್ತಿದ್ದವಳು, ಐದು ಕಂಪ್ಯೂಟರು ಬಂದ್ ಮಾಡಿದ ಮೇಲೆ ಕೆಳಗೆ ದೀಪ ಕಂಡು ಆರನೆಯದರ ಹಸಿರು ಬಟ್ಟೆ ಸರಿಸಿದ್ದಳು. ಈ ಹೆಂಗಸರಿಗೆ ಎಷ್ಟು ಸಲ ಹೇಳಿದರೂ ಅಷ್ಟೇ ಎಂದು ಗೊಣಗಿದ್ದೂ ನೆನಪಿದೆ. ಉಳಿಸಬೇಕೇ ಎಂದು ಕಂಪ್ಯೂಟರು ಕೇಳಿತ್ತು. ಆ ಪ್ರಶ್ನೆಯನ್ನು ಕಣ್ಣು ಓದುವ ಮೊದಲೇ ಬೆರಳು 'ಬೇಡ' ಎಂದು ಒತ್ತಿತ್ತು. ಕಲಿಯುವವರು ಬರೆದಿಟ್ಟದ್ದೆಂದರೆ ಹತ್ತು ಸಲ ತಮ್ಮದೇ ಹೆಸರು, ಇಲ್ಲವೇ ಸಾಲುದ್ದಕ್ಕೂ ಒಂದೇ ಅಕ್ಷರ. ಮರುದಿನ ಯಾರೂ ಅದನ್ನು ಕೇಳಿದ್ದೇ ಇಲ್ಲ. ಆದರೆ ಒತ್ತುವ ಮೊದಲು ಒಂದು ಸಾಲು ಕಣ್ಣಿಗೆ ಬಿದ್ದಿತ್ತು, ಈಗ ಅದು ಸ್ಪಷ್ಟವಾಗಿ ಮರಳಿ ಬಂತು: ದಾಳಿಂಬ್ರಿ ಬಣ್ಣ, ಗೋಮಿ ದಡಿ, ಕೆಂಪು ಸೆರಗು.

ಒಂದು ತಾಸು ಬೇರೆಯವರ ಕುರ್ಚಿಗಳ ನಡುವೆ ಓಡಾಡಿದಳು. ಪರದೆಯ ಮೇಲಿನ ಕಿಟಕಿ ಚಿಕ್ಕದು ಮಾಡುವುದು, ದೊಡ್ಡದು ಮಾಡುವುದು, ಕಡತಕ್ಕೆ ಹೆಸರಿಡುವುದು. ಬಾಯಿ ತನ್ನಷ್ಟಕ್ಕೆ ತಾನು ನಡೆದಿತ್ತು. ತಿರುಗಿ ನೋಡಿದರೆ ಅಮೀನಬಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಬರೀರಿ ಮತ್ತ. ಇನ್ನೂ ವ್ಯಾಳ್ಯಾ ಅದ."

"ಇಲ್ರಿ ಬಾಯಾರ. ನಾ ಮುಟ್ಟಂಗಿಲ್ಲ. ನಾ ಮುಟ್ಟಿದ್ದು ಅಳಿಸಿ ಹೋಗ್ತೈತಿ. ಆ ಹುನಗುಂದದ ಹುಡಿಗೀನ ಬರಲಿ." ಅಮೀನಬಿ ಬಟ್ಟೆಯನ್ನು ಎರಡು ಮಡಿಕೆ ಇದ್ದದ್ದು ನಾಲ್ಕು ಮಾಡಿದಳು. "ನಮಗ ರಾಟೀನ ಸೈ."

ಪದ್ಮಜಾ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

"ಅಮೀನಬಿ, ನಿಮ್ಮ ಬೆರಳಿಂದ ಏನೂ ಆಗಿಲ್ಲ. ನಿನ್ನಿ ನಾನ ಬಂದ್ ಮಾಡೇನಿ. ಬ್ಯಾಡ ಅಂತ ಒತ್ತಿದಾಕಿ ನಾನ."

ಸಂಗವ್ವ ಕುರ್ಚಿಯನ್ನು ಇತ್ತ ತಿರುಗಿಸಿದಳು.

"ಬಟ್ಟಿ ಹೊಚ್ಚಿದ್ನಲ್ರಿ?" ಎಂದಳು ಅಮೀನಬಿ, ನಿಧಾನಕ್ಕೆ.

"ಹೊಚ್ಚಿದ್ರಿ. ತಗದು ಬಂದ್ ಮಾಡಿದೆ."

"ಒಂದ ಮಾತು ಕೇಳಬೇಕಿಲ್ರಿ? ಯಾರರ ಮಗ್ಗದ ಮ್ಯಾಲಿಂದು ಹಿಂಗ ಹರಕೋತಾರೇನು?"

"ಇಲ್ಲ," ಎಂದಳು ಪದ್ಮಜಾ. ಬಸ್ಸಿಗೆ ತಡವಾಗುತ್ತಿತ್ತು ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು, ನುಂಗಿದಳು.

ಅಮೀನಬಿ ಮತ್ತೆ ಅವಳ ಕಡೆ ನೋಡಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ದಾಳಿಂಬ್ರಿ ಬಣ್ಣ. ಗೋಮಿ ದಡಿ. ಚೀಟಿ ಇರಲಿಲ್ಲ, ಬೇಕಾಗಲೂ ಇಲ್ಲ. ಯಾವ ಸೀರೆ ಯಾರ ಮನೆಯ ಮಗ್ಗದಿಂದ ಇಳಿಯಿತು, ಅದಕ್ಕೆ ತಾನು ಯಾವ ತಿಂಗಳು ನೂಲು ಸುತ್ತಿದೆ ಎನ್ನುವುದೆಲ್ಲ ಅವಳ ತಲೆಯಲ್ಲೇ ಇತ್ತು. ಒಂದು ಸಲ ಪದ್ಮಜಾಳ ಕೈ ಮೌಸಿನ ಕಡೆ ಚಾಚಿತು. "ನೀವು ಮುಟ್ಟಬ್ಯಾಡ್ರಿ," ಎಂದಳು ಅಮೀನಬಿ. ಪದ್ಮಜಾ ಕೈ ಹಿಂದೆ ತೆಗೆದುಕೊಂಡಳು.

ಸರಿಯಾಗಿ ನಾಲ್ಕಕ್ಕೆ ಮಲಕಪ್ಪ ಬಂದು, ಕನ್ನಡಕ ಏರಿಸಿ ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. "ಹದಿನೇಳ ಅದಾವಲ್ಲ?"

"ಮೂವತ್ತೆಂಟು ಇದ್ದುವ್ರಿ. ನನ್ನ ಕೈಯಿಂದ ಹೋದವು," ಪದ್ಮಜಾ ಹೇಳಿದಳು. "ಆಕಿದೇನೂ ತಪ್ಪಿಲ್ಲ."

"ಕಲಸಾಕ ಬಂದವ್ರ ಹಿಂಗ ಮಾಡಿದ್ರ ಹೆಂಗ್ರಿ ಮೇಡಂ? ನಾ ಮ್ಯಾಲಿನವ್ರಿಗೆ ಏನಂತ ಬರೀಲಿ?" ಉತ್ತರಕ್ಕೆ ಕಾಯದೆ ಅವನು ಅಮೀನಬಿಯ ಕಡೆ ತಿರುಗಿದ. "ನಾಳಿ ಮಧ್ಯಾಹ್ನ ಹನ್ನೆರಡಕ್ಕ ಈ ಕೆಲಸಕ್ಕ ಹೆಸರು ಕಳಸ್ತೇನಿ. ಅಷ್ಟರಾಗ ನಲವತ್ತ ಆಗಿರಬೇಕು. ಆಮ್ಯಾಲೆ ನನಗೇನೂ ಹೇಳಬ್ಯಾಡ."

ಅವನು ಹೋದ ಮೇಲೆ ಅಮೀನಬಿ ಕೇಳಿದಳು, "ಈ ಕ್ವಾಣಿ ಎಷ್ಟಕ್ಕ ತಗೀತೀರಿ?"

ಕೀಲಿ ಇದ್ದದ್ದು ಪದ್ಮಜಾಳ ಹತ್ತಿರ ಮಾತ್ರ. "ಮೊದಲನೇ ಬಸ್ಸಿಗೆ ಬರ್ತೇನಿ. ಎಂಟಕ್ಕ ಇರ್ತೇನಿ," ಎಂದಳು. ಮೊದಲನೇ ಬಸ್ಸೆಂದರೆ ನಾಲ್ಕೂವರೆಗೆ ಏಳಬೇಕು.

ಅಮೀನಬಿ ಈ ಸಲ ಹೆಸರು ಕೊಟ್ಟು ಉಳಿಸಿದಳು. ಅಕ್ಷರ ಬಂತೋ ಇಲ್ಲವೋ ಎಂದು ಎರಡು ಸಲ ತೆರೆದು ನೋಡಿದಳು. ಆಮೇಲೆ ಎದ್ದು, ಎಂದಿನಂತೆಯೇ ಹಸಿರು ಬಟ್ಟೆ ಕೊಡವಿ ಪರದೆಯ ಮೇಲೆ ಹೊಚ್ಚಿ, ಭುಜ ಹಿಡಿದುಕೊಂಡು ಸಂಗವ್ವನ ಹಿಂದೆ ನಡೆದಳು.

ಪದ್ಮಜಾ ಐದು ಕಂಪ್ಯೂಟರುಗಳನ್ನು ಒಂದೊಂದಾಗಿ ಬಂದ್ ಮಾಡಿದಳು. ಆರನೆಯದರ ಮುಂದೆ ನಿಂತಳು. ಬಟ್ಟೆಯ ಕೆಳಗೆ ಒಂದು ಸಣ್ಣ ದೀಪ ಹೊತ್ತಿ ಆರುತ್ತಿತ್ತು. ಬಟ್ಟೆಯ ಒಂದು ತುದಿ ಓರೆಯಾಗಿ ಮೇಲೆ ಸಿಕ್ಕಿಕೊಂಡಿತ್ತು. ಅದನ್ನು ಕೆಳಕ್ಕೆ ಎಳೆದು ಸಮ ಮಾಡಿ, ಪಂಕಾ ಆರಿಸಿ, ಬಾಗಿಲಿಗೆ ಕೀಲಿ ಹಾಕಿದಳು.