ಗೆರೆ ಹಾಕದ ಶಾಫ್ಟ್

ಸುಟ್ಟ ಹುಲ್ಲಿನ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಪ್ಪ ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆಯ ವಾಸನೆ ಅರವತ್ತು ಸಮೀಪಿಸಿದರೂ ರೇವಣಪ್ಪನ ಮೂಗಿನಿಂದ ಹೋಗಿರಲಿಲ್ಲ. ಆ ವಾಸನೆಯ ಬೆನ್ನು ಹಿಡಿದೇ ಅವನು ಗಾಡಿಗಳ ಕೆಳಗೆ ನುಸುಳಲು ಕಲಿತದ್ದು. ಈಗ ಕಡೂರಿನಲ್ಲಿ ಅವನದೇ ಗ್ಯಾರೇಜು.

ಅಂದು ಅಜ್ಜಂಪುರದ ಸೋಮಶೇಖರಪ್ಪನವರು ತೆಂಗಿನಕಾಯಿ ಸಾಗಿಸುವ ತಮ್ಮ ಲಾರಿಯನ್ನು ತಾವೇ ಓಡಿಸಿಕೊಂಡು ಬಂದರು.

"ಡ್ರೈವರನ್ನ ಬಿಡ್ಸಿದ್ರೂ ಲಾರಿ ನಡುಕ ಬಿಡ್ಲಿಲ್ಲ ಕಣೋ ರೇವಣ್ಣ. ಇಳಿದ್ಮೇಲೂ ಕೈ ಕುಣೀತದೆ. ಮನೇಲಿ ನೋಡಿದ್ರೆ ಕುಡ್ದು ಬಂದ ಅಂತಾರೆ!"

ಇಪ್ಪತ್ತು ದಿನದ ಹಿಂದೆ, ಎಂಜಿನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯುವ ಅದರ ಪ್ರೊಪೆಲ್ಲರ್ ಶಾಫ್ಟ್ ಇಳಿಸಿ, ಅದರ ಕೀಲಿನಲ್ಲಿ ಸವೆದಿದ್ದ ಕ್ರಾಸ್ ಎಂಬ ಭಾಗ ಬದಲಿಸಿದ್ದವನು ರೇವಣಪ್ಪನೇ. ಆಮೇಲೆ ಗಾಡಿ ನಡುಗುತ್ತದೆಂದು ಅವರ ಫೋನ್ ಬಂದಾಗ ನೋಡದೆಯೇ, "ಶಾಫ್ಟ್ ಸರಿ ಐತೆ ಸ್ವಾಮಿ, ಓಂಕಾರೇಶ ಕ್ಲಚ್ ಬಿಡೋದು ಒರಟು" ಎಂದುಬಿಟ್ಟಿದ್ದ. ಆ ಒಂದು ಮಾತಿಗೆ ತರೀಕೆರೆಯ ಡ್ರೈವರ್ ಓಂಕಾರೇಶನ ಕೆಲಸ ಹೋಗಿತ್ತು.

ಕೆಳಗೆ ನುಸುಳಿ ನೋಡಿದ. ಶಾಫ್ಟಿನ ಎರಡು ತುಂಡುಗಳು ಹಲ್ಲಿಗೆ ಹಲ್ಲು ಕೂಡುತ್ತವೆ. ಮತ್ತೆ ಅದೇ ಹಲ್ಲಿಗೆ ಕೂಡಿಸಲೆಂದು, ಬಿಚ್ಚುವ ಮೊದಲು ಎರಡರ ಮೇಲೂ ಉಳಿಯಿಂದ ಗೆರೆ ಹಾಕುವುದು ಅವನ ಮೂವತ್ತು ವರ್ಷದ ರೂಢಿ. ಕ್ರಾಸ್ ಬದಲಿಸಿದ ದಿನ ಬೀರೂರಿನಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣ, ಹೊರಡುವ ಆತುರ. ಗೆರೆ ಇರಲೇ ಇಲ್ಲ. ತುದಿಯ ಕವಲುಗಳೆರಡೂ ಒಂದೇ ಸಾಲಿಗೆ ಬಾರದೆ ಒಂದು ಹಲ್ಲಿನಷ್ಟು ತಿರುಗಿ ನಿಂತಿದ್ದವು. ನಡುಕ ಅದರದೇ.

ಬಿಚ್ಚಿ, ತಿರುಗಿಸಿ, ಕೂಡಿಸಿದ. ಹೊಸ ಕ್ರಾಸೂ ಸವೆದಿತ್ತು ಎಂದು ಸುಳ್ಳು ಹೇಳಿದರೆ ಮುಗಿಯಿತಲ್ಲ ಎನ್ನಿಸಿತು. ಅಷ್ಟರಲ್ಲಿ ಸೋಮಶೇಖರಪ್ಪನವರು ಬಗ್ಗಿ, ಅವನ ತಲೆಯಡಿಗೆ ಮಡಿಸಿದ ಗೋಣಿಚೀಲವೊಂದನ್ನು ತಳ್ಳಿದರು.

"ತಪ್ಪು ನಂದು ಸ್ವಾಮಿ," ಎಂದ ಮಲಗಿದಲ್ಲಿಂದಲೇ. "ಹಲ್ಲು ತಪ್ಸಿ ಕೂಡಿಸಿದ್ದೆ. ಓಂಕಾರೇಶಂದೇನೂ ಇಲ್ಲ."

ಸೋಮಶೇಖರಪ್ಪನವರು ಲಾರಿಯ ಬಾಗಿಲು ತೆರೆದರು. "ಜನರ ಮುಂದೆ ಬೈದ್ನಲ್ಲೋ ಅವ್ನನ್ನ. ನಡಿ, ಇಬ್ರೂ ಹೋಗಿ ಹೇಳಾಣ."

ತರೀಕೆರೆಯವರೆಗೂ ಲಾರಿ ಒಮ್ಮೆಯೂ ನಡುಗಲಿಲ್ಲ. ಅದೇ ರೇವಣಪ್ಪನನ್ನು ಚುಚ್ಚುತ್ತಿತ್ತು.

ಓಂಕಾರೇಶ ಜಗಲಿಯ ಮೇಲೆ ಕೂತು ಎಲ್ಲ ಕೇಳಿದ.

"ನಾಳೆಯಿಂದ ಬಾರಪ್ಪ" ಎಂದರು ಸೋಮಶೇಖರಪ್ಪನವರು.

"ಬತ್ತೀನಿ ಸಾವ್ಕಾರ್ರೇ. ಆದ್ರೆ ರೇವಣ್ಣ, ಬಗ್ಗಿ ಒಂದ್ಸಲ ನೋಡ್ಬಾರ್ದಿತ್ತಾ? ನೀನು ಹೇಳ್ದೆ ಅಂತ ನನ್ನ ಹೆಂಡ್ತಿನೂ ನಂಬಿಬಿಟ್ಲು."

ಬಾಗಿಲಲ್ಲಿ ನಿಂತಿದ್ದ ಓಂಕಾರೇಶನ ಹೆಂಡತಿ ತನುಜಾ ಒಳಗೆ ಹೋಗಿ ಚೊಂಬು ತಂದು ರೇವಣಪ್ಪನ ಗ್ರೀಸು ಮೆತ್ತಿದ ಕೈಗೆ ನೀರು ಹೊಯ್ದಳು. ಆಮೇಲೆ ಮುದ್ದೆ, ಅವರೆಕಾಳು ಸಾರಿನ ಮೊದಲ ತಟ್ಟೆಯನ್ನು ಅವನ ಕೈಗೇ ಕೊಟ್ಟಳು.