ಮುಂದಿನ ಸಾಲು

ಚಟ್ಟಕ್ಕೆ ಕೊನೆಯ ಗಂಟು ಬಿಗಿಯುತ್ತಿದ್ದ ವಾಸುದೇವರಾಯರ ಕೈ ನಿಂತಿತು. ಅಂಗಳದ ಬಾಗಿಲಿಗೆ ಪೊಲೀಸಿನವನೊಬ್ಬ ಬಂದಿದ್ದ.

ಹೆಡ್ ಕಾನ್‌ಸ್ಟೇಬಲ್ ಚಾಂದಪಾಶಾ ಬೂಟು ಕಳಚಿ, ಟೋಪಿ ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದ. ವಾಸುದೇವರಾಯರ ತಂಗಿ ತುಂಗಾಬಾಯಿಯ ಹೆಣ ಬೆಳಿಗ್ಗೆಯಷ್ಟೇ ಕಲಬುರಗಿಯಿಂದ ಕಮಲಾಪುರದ ಈ ಮನೆಗೆ ಬಂದಿತ್ತು. ಆಕೆಯ ಕಾಲ ಬಳಿ ನಿಂತು ಕೈಮುಗಿದ ಚಾಂದಪಾಶಾ, ಆಮೇಲೆ ಜನರ ನಡುವೆ ಯಾರನ್ನೋ ಹುಡುಕಿದ. ಕಂಬಕ್ಕೆ ಒರಗಿದ್ದ ಡಾಕ್ಟರ್ ದೇವೀಂದ್ರಪ್ಪ ಕಂಡೊಡನೆ ಹತ್ತಿರ ಹೋಗಿ ದನಿ ತಗ್ಗಿಸಿದ.

“ಸಾಹೇಬ್ರ, ಕರಿಕಲ್ಲ ನಾಕಾದಾಗ ಒಬ್ಬ ಲಾರಿ ಡ್ರೈವರನ್ನ ಕೂಡಿ ಹಾಕೀವ್ರೀ. ನಿನ್ನೆ ಮುಂಜಾನೆ ಸಿಕ್ಕಾನ. ಬ್ರೌನ್ ಶುಗರ್ ಚಟ ಅದ. ಅದು ಸಿಗದಕ್ಕ ಒಂದೇ ಸವನೆ ವಾಂತಿ, ಭೇದಿ. ಈಗ ಏಳಾಕೂ ಆಗವಲ್ದು.”

“ನಿಮ್ಮ ಪಿಎಸ್ಐ ಫೋನ್ ಮಾಡಿದ್ರು. ನಾಟಕ ಅಂದ್ರು.”

“ಅವರು ಹೊಸಬ್ರು ರೀ. ತುಂಗಾ ಸಿಸ್ಟರ್ ಪಾಠಕ್ಕ ಕೂತಿಲ್ಲ. ನೀವು ಕೂತೀರಿ.”

ದೇವೀಂದ್ರಪ್ಪ ಚಟ್ಟದ ಕಡೆ ನೋಡಿ ಕಣ್ಣು ತೆಗೆದ. ಮೂರು ವರ್ಷದ ಹಿಂದೆ, ಡಾಕ್ಟರಿಗೆ ನರ್ಸು ಏನು ಕಲಿಸುತ್ತಾಳೆ ಎಂಬ ಸಿಟ್ಟಿನಲ್ಲೇ ಅವನು ಆ ಪಾಠಕ್ಕೆ ಕೂತಿದ್ದ.

“ಚಟ ಇಳಸೂ ಗುಳಿಗ್ಯಾಗೂ ನಶೆ ಇರ್ತದ. ಕೊಟ್ರ, ಕೈದಿಗೆ ಡಾಕ್ಟರ್ರೇ ನಶೆ ಕೊಟ್ರು ಅಂತ ನನ್ನ ಮ್ಯಾಲ ಬರೀತಾರ. ನಿಮ್ಮ ಸಾಹೇಬ್ರ ಕಡಿಂದ ಒಂದು ಚೀಟಿ ತಗೊಂಡು ಬಾ.”

“ಅವರು ಕೊಡಂಗಿಲ್ರೀ. ನಾ ಅವರಿಗೆ ಹೇಳದ ಬಂದೀನಿ.”

ವಾಸುದೇವರಾಯರಿಗೆ ಅಷ್ಟೂ ಕೇಳಿಸಿತ್ತು. “ಚಾಂದಪಾಶಾ, ಇವತ್ತೊಂದು ದಿನ ನಮ್ಮ ಮನ್ಯಾಗ ಲಾಕಪ್ಪಿನ ಮಾತು ಬ್ಯಾಡ. ಹೊತ್ತು ಮುಳುಗೂದ್ರಾಗ ಎಲ್ಲಾ ಮುಗೀಬೇಕು.”

*

ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಾಗ ತುಂಗಾಬಾಯಿ ನರ್ಸಿಂಗ್ ಓದಲು ಹೋದಳು. ಆಚಾರವಂತರ ಮನೆಯ ಹೆಣ್ಣು ಕಂಡವರ ಹೊಲಸು ಬಳಿಯುವುದೇ ಎಂದು ಬಂಧುಗಳು ಎರಡು ವರ್ಷ ಮಾತು ಬಿಟ್ಟರು. ಕಲಬುರಗಿಯ ದವಾಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ತಮ್ಮ ಪ್ರಹ್ಲಾದನನ್ನೂ ಕರೆಸಿಕೊಂಡು ಸ್ಟೇಶನ್ ಬಜಾರಿನ ಒಂದು ಲಾಜಿನಲ್ಲಿ ಮ್ಯಾನೇಜರ್ ಕೆಲಸಕ್ಕೆ ಹಚ್ಚಿದಳು. ಅವನಿಗೆ ಬ್ರೌನ್ ಶುಗರ್ ಚಟ ಅಂಟಿದ್ದು ಅಲ್ಲೇ.

೧೯೮೬ರಲ್ಲಿ ಪುಡಿಯ ಸಮೇತ ಸಿಕ್ಕಿಬಿದ್ದ. ಮೂರನೆಯ ದಿನ ಲಾಕಪ್ಪಿನಿಂದ ಹೆಣ ಬಂತು. ಕಾಗದದಲ್ಲಿ ಕಾಲರಾ ಎಂದು ಬರೆದಿತ್ತು. ತಮ್ಮನ ಗುಳಿಬಿದ್ದ ಕಣ್ಣು, ಒಣಗಿ ಸೀಳಿದ ತುಟಿ ನೋಡಿದ ತುಂಗಾಬಾಯಿ ಅದು ಕಾಲರಾ ಅಲ್ಲವೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆಂಗಳೂರಿಗೆ ಹೋಗಿ ಚಟ ಬಿಡಿಸುವ ಚಿಕಿತ್ಸೆಯ ತರಬೇತಿ ಪಡೆದಳು. ಒಬ್ಬೊಬ್ಬ ಅಧಿಕಾರಿಯ ಬಾಗಿಲಿಗೂ ಹತ್ತಾರು ಸಲ ಅಲೆದಳು. ಎಂಟು ವರ್ಷದ ಮೇಲೆ ಕಲಬುರಗಿಯ ರೋಜಾ ಓಣಿಯ ಹತ್ತಿರದ ಒಂದು ಶಾಲೆಯ ಕೋಣೆಯಲ್ಲಿ ಮೊದಲ ಪಾಠ ನಡೆಯಿತು. ಪೊಲೀಸರು, ಜೇಲ್ ವಾರ್ಡರ್‌ಗಳು, ಇಬ್ಬರು ಡಾಕ್ಟರು, ಒಬ್ಬ ಸರಕಾರಿ ವಕೀಲ.

“ನಾಟಕ ಮಾಡಾಂವ ಅಳಬಹುದು, ಹೊರಳ್ಯಾಡಬಹುದು,” ಎಂದಳು. “ಮೈಮ್ಯಾಲ ಮುಳ್ಳು ತರಿಸ್ಕೊಳ್ಳಿಕ್ಕೆ ಆಗೂದಿಲ್ಲ. ಕಣ್ಣಾಗಿನ ಪಾಪೆ ದೊಡ್ಡದು ಮಾಡ್ಕೊಳ್ಳಿಕ್ಕೆ ಆಗೂದಿಲ್ಲ. ಲಾಠಿ ಎತ್ತೂಕಿಂತ ಮೊದಲು ಅವನ ತೋಳು ನೋಡ್ರಿ.”

“ಕಳ್ಳಗ ಔಷಧ ಯಾಕ್ರೀ ಬಾಯಾರ?” ಎಂದ ಒಬ್ಬ ವಾರ್ಡರ್.

“ಕಳ್ಳನ ಕಾಲು ಮುರದ್ರ ಪಟ್ಟಿ ಕಟ್ಟಸೂದಿಲ್ಲೇನು?”

ಎಲ್ಲರೂ ಎದ್ದು ಹೋದ ಮೇಲೂ ಹಿಂದಿನ ಸಾಲಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಕೂತೇ ಇದ್ದ.

“ಸಿಸ್ಟರ್,” ಎಂದ ಚಾಂದಪಾಶಾ, “ನಿಮ್ಮ ತಮ್ಮ ಹೋದ ದಿನ ಪಹರೆ ನಂದಿತ್ತು ರೀ.”

ತುಂಗಾಬಾಯಿ ಕರಿಹಲಗೆ ಒರೆಸುತ್ತಿದ್ದಳು. ತಿರುಗಲಿಲ್ಲ. ಮೂಲೆಯ ಒಂದು ಅಕ್ಷರವೂ ಉಳಿಯದಂತೆ ಒರೆಸಿದಳು.

“ನಾಳೆ ಮುಂದಿನ ಸಾಲಿನ್ಯಾಗ ಕೂಡ್ರಿ,” ಎಂದಳು.

*

“ಏ ಪೊಲೀಸಪ್ಪಾ.”

ಅಂಗಳದಲ್ಲಿ ಮಗಳ ಹೆಣದ ತಲೆಯ ಬಳಿ ಕೂತಿದ್ದ ಮಥುರಾಬಾಯಿ ಕರೆದಳು. ಆಕೆಗೆ ಎಂಬತ್ತು ದಾಟಿತ್ತು.

“ನಾಟಕ ಅಲ್ಲಂತ ನಿನಗ ಹ್ಯಾಂಗ ಗೊತ್ತು?”

ಚಾಂದಪಾಶಾ ನೆಲ ನೋಡಿದ. “ಒಮ್ಮೆ ನಾಟಕ ಅಂತ ಸುಮ್ಮ ಕುಂತಿದ್ದೆ ರೀ ಬಾಯಾರ. ಪ್ರಹ್ಲಾದರಾಯರಿಗೆ ಪಹರೆ ಇದ್ದಾಂವ ನಾನೇ.”

ವಾಸುದೇವರಾಯರು ಹಗ್ಗ ಬಿಟ್ಟು ಎದ್ದರು. “ಒಂಬತ್ತು ವರ್ಷ ಈ ಮನಿ ಚಹಾ ಕುಡದೀ,” ಎಂದರು. “ಹೊರಗ ನಡಿ.”

“ತಡೀ ವಾಸೂ.” ಮಥುರಾಬಾಯಿ ಚಾಂದಪಾಶಾನ ಮುಖದಿಂದ ಕಣ್ಣು ಕದಲಿಸಲಿಲ್ಲ. “ತುಂಗಾಗ ಗೊತ್ತಿತ್ತೇನು?”

“ಗೊತ್ತಿತ್ರೀ.”

“ಅಂವ ನೀರು ಕೇಳಿದ್ನೇನು?”

“ಕೇಳಿದ್ರೀ.”

“ಕೊಟ್ಟೇನು?”

“ಇಲ್ರೀ.”

ಮುದುಕಿ ಮಗಳ ಹಣೆಯ ಮೇಲೆ ಕೈಯಿಟ್ಟಳು. ಆಮೇಲೆ ತಲೆಯೆತ್ತದೆಯೇ ಹೇಳಿದಳು:

“ಇವಗರ ನೀರು ಕೊಡು, ಹೋಗು.”

ದೇವೀಂದ್ರಪ್ಪ ಇನ್ನೂ ಕಂಬದ ಬಳಿಯೇ ಇದ್ದ. “ನೀವ್ಯಾಕ ನಿಂತ್ರಿ?” ಎಂದಳು ಮಥುರಾಬಾಯಿ. “ಚೀಟಿ ಕೊಡಾಕಿ ಇಲ್ಲಿ ಮಲಗ್ಯಾಳ. ಆಕಿ ಇನ್ನ ಏಳೂದಿಲ್ಲ.”

*

ದೇವೀಂದ್ರಪ್ಪ ಔಷಧದ ಚೀಲ ಹಿಡಿದು ಚಾಂದಪಾಶಾನ ಜೊತೆ ಬಂದಾಗ, ಹೆದ್ದಾರಿ ನಾಕಾದ ಹೊರಠಾಣೆಯ ಮೆಟ್ಟಿಲಲ್ಲೇ ಪಿಎಸ್ಐ ಅಡ್ಡ ನಿಂತ. ಮೂವತ್ತು ತುಂಬದ ವಯಸ್ಸು.

“ಯಾರನ್ನ ಕೇಳಿ ಹೋಗಿದ್ದಿ?”

“ಯಾರನ್ನೂ ಕೇಳಿಲ್ರೀ ಸಾಹೇಬ್ರ. ಸಸ್ಪೆಂಡ್ ಮಾಡೂದಿದ್ರ ಆಮ್ಯಾಲ ಮಾಡ್ರಿ.” ಚಾಂದಪಾಶಾ ಅವನ ಪಕ್ಕದಿಂದ ನುಸುಳಿ ಒಳಗೆ ಹೋದ.

ಡ್ರೈವರ್ ಲಾಲ್ ಅಹ್ಮದ್ ಗೋಡೆಗೆ ಮುಖ ಮಾಡಿ ಮುದುಡಿ ಬಿದ್ದಿದ್ದ. ಕೈಗೆ ಬೇಡಿ. ದೇವೀಂದ್ರಪ್ಪ ಮೂಗು ಮುಚ್ಚಿಕೊಳ್ಳಲಿಲ್ಲ. ಆ ಹೊಲಸಿನಲ್ಲೇ ಮೊಣಕಾಲೂರಿ ನಾಡಿ ಹಿಡಿದ. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದ. ಸಿಕ್ಕಿತು, ದಾರದ ಎಳೆಯಷ್ಟು.

“ಇಲ್ಲಿ ಬರ್ರಿ,” ಎಂದು ಪಿಎಸ್ಐಯನ್ನು ಕರೆದ. “ಇವನ ತೋಳು ಮುಟ್ಟಿ ನೋಡ್ರಿ.”

“ನಾ ಯಾಕ ಮುಟ್ಟಲಿ?”

“ನಿಮ್ಮ ಲಾಕಪ್ಪಿನ್ಯಾಗ ಸಾಯಾಕತ್ತಾನ, ಅದಕ್ಕ.”

ಪಿಎಸ್ಐ ಬಗ್ಗಿದ. ಏಪ್ರಿಲ್ ಬಿಸಿಲಿಗೆ ಕೋಣೆಯ ತಗಡು ಕಾದಿತ್ತು. ಡ್ರೈವರನ ತೋಳಿನ ಕೂದಲೆಲ್ಲ ಚಳಿಗೆ ನಿಂತಂತೆ ನೆಟ್ಟಗೆ ನಿಂತಿತ್ತು. ಬೆರಳು ಸವರಿದ ಪಿಎಸ್ಐ ಕೈ ಹಿಂದಕ್ಕೆ ಎಳೆದುಕೊಂಡ. ಜೇಬಿನಿಂದ ಬೇಡಿಯ ಕೀಲಿ ತೆಗೆದ.

ಚಾಂದಪಾಶಾ ಡ್ರೈವರನ ತಲೆಯನ್ನು ತೊಡೆಯ ಮೇಲಿಟ್ಟು ತುಟಿಗೆ ಹನಿ ಹನಿ ನೀರು ಬಿಟ್ಟ. ಮೊದಲ ಗುಟುಕು ಹೊರಗೆ ಬಂತು. ಎರಡನೆಯದೂ ಬಂತು. ಮೂರನೆಯದು ನಿಂತಿತು. ದೇವೀಂದ್ರಪ್ಪ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟು, ರಕ್ತನಾಳ ಹುಡುಕಿ ಸಲಾಯಿನ್ ಹಚ್ಚಿದ.

“ಇಷ್ಟಕ್ಕ ಆಗಂಗಿಲ್ಲ. ಕಲಬುರಗಿಗೆ ಒಯ್ಯಬೇಕು, ಈಗಿಂದೀಗ.”

“ದಾರ್ಯಾಗ ಓಡಿ ಹೋದ್ರ?” ಎಂದ ಪಿಎಸ್ಐ. ಎಂದವನೇ ಡ್ರೈವರನ ಕಾಲು ನೋಡಿದ. ಅವು ನಡುಗಲೂ ಶಕ್ತಿಯಿಲ್ಲದೆ ಬಿದ್ದಿದ್ದವು. “ನಡ್ರಿ, ನಾನೂ ಬರ್ತೀನಿ.”

*

ಬೆಂಕಿಯ ಮಡಕೆ ಹಿಡಿದು ವಾಸುದೇವರಾಯರು ಮುಂದೆ ನಡೆಯುತ್ತಿದ್ದರು. ಹೆದ್ದಾರಿ ದಾಟಿದರೆ ಸ್ಮಶಾನ. ಸೂರ್ಯ ಒಂದಾಳೆತ್ತರ ಉಳಿದಿದ್ದ. ಚಟ್ಟ ರಸ್ತೆಯ ನಡುವೆ ಬಂದಾಗ ಜೀಪಿನ ಹಾರ್ನ್ ಕೇಳಿಸಿತು, ಒಂದೇ ಸಮನೆ.

“ಹೆಣ ನಿಲ್ಲಸಬಾರದ್ರೀ,” ಎಂದ ಹೊತ್ತವರಲ್ಲೊಬ್ಬ.

ವಾಸುದೇವರಾಯರು ಜೀಪನ್ನು ನೋಡಿದರು. ಖಾಲಿಯಿದ್ದ ಕೈಯೆತ್ತಿ, ಹೊತ್ತವರನ್ನು ಮಣ್ಣಿನ ಅಂಚಿಗೆ ಸರಿಯಿರೆಂದು ಸನ್ನೆ ಮಾಡಿದರು. ತುಂಗಾಬಾಯಿಯ ಚಟ್ಟ ಬದಿಗೆ ಸರಿದು ನಿಂತಿತು.

ಜೀಪು ವೇಗ ತಗ್ಗಿಸದೆ ದಾಟಿತು. ಹಿಂದುಗಡೆ ಪಿಎಸ್ಐ ಟೋಪಿಯಿಲ್ಲದೆ ಬಗ್ಗಿ ನಿಂತಿದ್ದ. ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಸಲಾಯಿನ್ ಬಾಟಲಿಯನ್ನು ಆದಷ್ಟು ಎತ್ತರಕ್ಕೆ ಎತ್ತಿ ಹಿಡಿದಿದ್ದ. ಜೀಪು ಕಲಬುರಗಿಯ ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈ ಇಳಿಯಲಿಲ್ಲ.